ಪೈಲ್ವಾನನ ಬಲಗೈ

ಆ ಕಟ್ಟಡದಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ಟಿಕೆಟ್ ಹರಿಯುವವರಿಗೆ, ಗೇಟಿನ ಕಾವಲುಗಾರನಿಗೆ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮ್ಯಾನೇಜರಿಗೆ ಕೂಡ. ಇದಕ್ಕೆಲ್ಲ ಕಾರಣ ಅವಳ ಮೈದುನ. ಮೊದಲಿನಿಂದಲೂ ಅಲ್ಲಿ ಕರೆಂಟು ಮತ್ತು ಪಂಪುಗಳ ಕೆಲಸ ನೋಡಿಕೊಳ್ಳುತ್ತಿದ್ದ ಅವನು, ಅವಳು ಕೆಲಸಕ್ಕೆ ಸೇರಿದ ದಿನ ಕಾರಿಡಾರಿನ ಆ ತುದಿಯಿಂದ ‘ಅತ್ತಿಗೇ, ಬಕೆಟ್ ಇಲ್ಲಿದೆ’ ಎಂದು ಕೂಗಿದ್ದ. ಸಂಜೆಯ ಹೊತ್ತಿಗೆ ಆ ಕರೆ ಕಟ್ಟಡಕ್ಕೆಲ್ಲ ಹರಡಿತ್ತು. ಆಮೇಲೆ ಹಾಜರಿ ಪುಸ್ತಕದಲ್ಲಿರುವ ಹೆಸರು ಹಿಡಿದು ಯಾರಾದರೂ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಕಟ್ಟಡವೆಂದರೆ ಸಮುದ್ರದ ಜೀವಿಗಳನ್ನು ಗಾಜಿನ ಹಿಂದೆ ಇಟ್ಟು ಜನರಿಗೆ ತೋರಿಸುವ ಮೀನುಮನೆ. ಮುಂದಿನ ಭಾಗದಲ್ಲಿ ನಸುಗತ್ತಲು, ನೀಲಿ ಬೆಳಕು, ಮಕ್ಕಳ ಗದ್ದಲ. ಹಿಂದೆ, ನೋಡಲು ಬಂದವರ ಕಣ್ಣಿಗೆ ಬೀಳದ ಕಡೆ, ಉದ್ದನೆಯ ಒಂದು ಕಾರಿಡಾರು. ಒದ್ದೆ ಸಿಮೆಂಟು ನೆಲ, ಗೋಡೆಗುಂಟ ಪೈಪುಗಳು, ಒಂದೇ ಸಮ ಗುಂಯ್‌ಗುಡುವ ಪಂಪುಗಳು, ಒಂದರ ಮೇಲೊಂದು ಪೇರಿಸಿಟ್ಟ ಉಪ್ಪಿನ ಚೀಲಗಳು. ಅತ್ತಿಗೆಯ ರಾಜ್ಯ ಅದು. ಹದಿನಾಲ್ಕು ಟ್ಯಾಂಕುಗಳ ಗಾಜು ಒರೆಸುವುದು, ಕೊಳವೆ ಇಳಿಬಿಟ್ಟು ತಳದ ಕಸ ಎಳೆಯುವುದು, ನೀರಿನ ಉಪ್ಪು ಅಳೆದು ಪುಸ್ತಕದಲ್ಲಿ ಬರೆಯುವುದು, ಹೊತ್ತಿಗೆ ಸರಿಯಾಗಿ ಮೇವು ಹಾಕುವುದು ಅವಳ ಕೆಲಸ.

ಅದಕ್ಕೆ ಮೊದಲು ಹನ್ನೊಂದು ವರ್ಷ ಅವಳು ಒಂದು ಆಸ್ಪತ್ರೆಯ ವಾರ್ಡು ಒರೆಸಿದ್ದಳು. ಕೊಳೆ ಎಂದರೆ ಕಾಯಿಲೆ, ಕಾಯಿಲೆ ಎಂದರೆ ಸಾವು ಎಂದು ಅಲ್ಲಿ ಅವಳ ತಲೆಗೆ ಹೊಕ್ಕಿದ್ದು ಮತ್ತೆ ಹೊರಬಂದಿರಲಿಲ್ಲ. ಮೀನುಮನೆಗೆ ಸೇರಿದ ಮೊದಲ ವಾರವೇ, ಸಮುದ್ರದಿಂದ ತಂದು ಆರು ತಿಂಗಳು ಜೋಪಾನ ಮಾಡಿದ್ದ ಒಂದು ಕಲ್ಲನ್ನು ಹೊರತೆಗೆದು ಸೋಪುಪುಡಿ ಹಾಕಿ ಉಜ್ಜಿ ಹಾಲಿನ ಹಾಗೆ ಬೆಳ್ಳಗೆ ಮಾಡಿಟ್ಟಳು. ಅಲ್ಲಿನ ಜೀವಿಗಳ ಆರೋಗ್ಯ ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆ ಕಲ್ಲಿನ ಮೇಲಿದ್ದ ಕಣ್ಣಿಗೆ ಕಾಣದ ಕೋಟಿ ಜೀವಗಳು ಈಗ ಬಚ್ಚಲಿನಲ್ಲಿವೆ ಎಂದು ಮೆಲ್ಲಗೆ ಹೇಳಿ, ನಕ್ಕು, ಅದನ್ನು ತಮ್ಮ ಮೇಜಿನ ಕಾಗದಗಳ ಮೇಲೆ ಭಾರಕ್ಕೆ ಇಟ್ಟುಕೊಂಡರು.

ಮನೆಯಲ್ಲೂ ಅವಳು ಹೀಗೇ. ಊಟ ಮುಗಿಯುವ ಮೊದಲೇ ಅತ್ತಿಗೆ ತಟ್ಟೆ ಎತ್ತುತ್ತಾರೆ ಎಂಬುದು ಮೈದುನನ ಹಳೆಯ ದೂರು. ಒಮ್ಮೆ ಅವನು ಕೆಮ್ಮು ಬಂದು ಮುಖ ಆಚೆ ತಿರುಗಿಸಿ ಮತ್ತೆ ಈಚೆ ತಿರುಗುವಷ್ಟರಲ್ಲಿ ತಟ್ಟೆ ತೊಳೆದು ಕವುಚಿಟ್ಟಾಗಿತ್ತಂತೆ. ಅತ್ತೆಗೆ ಎಂಬತ್ತರ ಹತ್ತಿರ. ನಾಲಿಗೆ ಮಾತ್ರ ಇಪ್ಪತ್ತರದ್ದು. ‘ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ಸಾಕು, ನನ್ನನ್ನೂ ಒಗೆದು ಹಗ್ಗಕ್ಕೆ ಹಾಕ್ತಾಳೆ,’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಗಂಡ ಲಾರಿ ಓಡಿಸುವವನು, ವಾರದಲ್ಲಿ ಎರಡು ದಿನ ಮನೆಗೆ ಬರುವವನು. ಆ ಎರಡು ದಿನ ಅವನು ಅವಳು ಎತ್ತಿಟ್ಟ ತನ್ನ ಚಪ್ಪಲಿಯನ್ನು ಹುಡುಕಿಕೊಂಡು ತಿರುಗುತ್ತಿದ್ದ.

ಪೈಲ್ವಾನ ಬಂದದ್ದು ಅವಳು ಸೇರಿ ನಾಲ್ಕು ವರ್ಷವಾದ ಮೇಲೆ. ಫಲಕದ ಮೇಲೆ ಅವನ ಹೆಸರು ಮ್ಯಾಂಟಿಸ್ ಶ್ರಿಂಪ್. ಸಿಗಡಿಯ ದೂರದ ನೆಂಟ, ಒಂದು ಗೇಣಿನ ಉದ್ದ. ಹಸಿರು ಬೆನ್ನು, ಕಿತ್ತಳೆ ಅಂಚು, ಬಾಲಕ್ಕೆ ನೀಲಿ ಜಾಲರಿ. ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಎರಡು ಕಣ್ಣುಗಳು ಒಂದು ಅತ್ತ, ಒಂದು ಇತ್ತ, ಬೇರೆಬೇರೆಯಾಗಿ ತಿರುಗುತ್ತವೆ. ಗದ್ದದ ಕೆಳಗೆ ಮಡಿಸಿಟ್ಟುಕೊಂಡ ಎರಡು ಮುಷ್ಟಿಗಳು. ಶಂಖದಹುಳುವನ್ನೋ ಕಪ್ಪೆಚಿಪ್ಪನ್ನೋ ಎದುರಿಗೆ ಹಾಕಿದರೆ ಆ ಮುಷ್ಟಿ ಬಿಚ್ಚುವುದೂ ಬಡಿಯುವುದೂ ಕಣ್ಣಿಗೆ ಕಾಣುವುದಿಲ್ಲ. ಟಕ್ ಎಂಬ ಶಬ್ದ ಮಾತ್ರ ಗಾಜಿನ ಈಚೆಗೂ ಕೇಳುತ್ತದೆ. ನೋಡಿದರೆ ಚಿಪ್ಪು ಒಡೆದಿರುತ್ತದೆ. ಬಂದ ದಿನವೇ ಟ್ಯಾಂಕಿನೊಳಗಿನ ಥರ್ಮಾಮೀಟರನ್ನು ಒಡೆದ. ಮೈದುನ ಹೊಸದು ತಂದು ಹಾಕಿದ, ಅದನ್ನೂ ಒಡೆದ. ಮೂರನೆಯದನ್ನು ಮೈದುನ ಹೊರಗಡೆ ಅಂಟಿಸಿ, ದೊಡ್ಡವರ ಮನೆಗೆ ಹೋದಾಗ ನಿಲ್ಲುವ ಹಾಗೆ ಕೈಕಟ್ಟಿ ನಿಂತು, ಇನ್ನು ನಮ್ಮಿಂದ ಏನೂ ತೊಂದರೆ ಇಲ್ಲವೆಂದು ಅವನಿಗೆ ವರದಿ ಒಪ್ಪಿಸಿದ.

ಅತ್ತಿಗೆಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಈ ಜಗಳಗಂಟತನಕ್ಕಲ್ಲ. ಅವನು ತುಂಬ ಶುಚಿಯ ಮನುಷ್ಯ. ಕಲ್ಲಿನ ಸಂದಿಯಲ್ಲಿ ತೋಡಿಕೊಂಡ ಬಿಲದಲ್ಲಿ ಒಂದು ಚೂರು ಎಂಜಲು ಉಳಿಸುತ್ತಿರಲಿಲ್ಲ. ತಿಂದು ಮುಗಿಸಿದ ಚಿಪ್ಪುಗಳನ್ನು ಒಂದೊಂದಾಗಿ ಹೊತ್ತು ತಂದು ಬಾಗಿಲಿನಾಚೆ ಒಂದೇ ಜಾಗದಲ್ಲಿ ಗುಡ್ಡೆ ಹಾಕುತ್ತಿದ್ದ. ಬೆಳಿಗ್ಗೆ ಅವಳು ಉದ್ದನೆಯ ಇಕ್ಕಳದಲ್ಲಿ ಅವನ್ನು ಎತ್ತುವಾಗ ಬಾಗಿಲಲ್ಲಿ ನಿಂತು ಒಂದು ಕಣ್ಣಲ್ಲಿ ಇಕ್ಕಳವನ್ನೂ ಇನ್ನೊಂದರಲ್ಲಿ ಅವಳನ್ನೂ ನೋಡುತ್ತಿದ್ದ. ಇಡೀ ಜಗತ್ತಿನಲ್ಲಿ ತನ್ನ ಕಷ್ಟ ತಿಳಿದವನು ಇವನೊಬ್ಬನೇ ಎಂದು ಅವಳು ಮನೆಯಲ್ಲಿ ಹೇಳಿದ್ದುಂಟು.

ಹಾಗೆ ಹೇಳಿದವಳ ಕೈಯಿಂದಲೇ ಆ ಅನಾಹುತ ಆಯಿತು.

ಡಾಕ್ಟರಮ್ಮ ಮೂರು ವಾರದ ತರಬೇತಿಗೆ ದೂರ ಹೋಗಿದ್ದರು. ಅದೇ ವಾರ ಮೈದುನ ಪೈಲ್ವಾನನ ಟ್ಯಾಂಕಿಗೆ ಹೊಸ ಪಂಪು ಕೂರಿಸಿದ್ದ. ಎರಡು ದಿನ ಕಳೆದು ಅತ್ತಿಗೆ ನೋಡುತ್ತಾಳೆ, ಬಿಲದ ಬಾಯಿಗೆ ಸಣ್ಣ ಕಲ್ಲುಗಳು, ಚಿಪ್ಪಿನ ಚೂರುಗಳು, ಮರಳು ಬಂದು ಅಡಕಿಕೊಂಡಿವೆ. ಹಾಕಿದ ಮೇವು ಹಾಗೇ ಬಿದ್ದಿದೆ. ಹೊಸ ಪಂಪಿನ ರಭಸಕ್ಕೆ ಕಲ್ಲುಗಳೆಲ್ಲ ಹೋಗಿ ಬಡಪಾಯಿಯ ಬಾಗಿಲಿಗೆ ಬಿದ್ದಿವೆ ಎಂದು ಅವಳು ತೀರ್ಮಾನಿಸಿದಳು. ಇಕ್ಕಳ ಹಾಕಿ ಒಂದೊಂದೇ ತೆಗೆದು ಬಾಗಿಲು ಬಿಡಿಸಿದಳು. ಮಾರನೆಯ ಬೆಳಿಗ್ಗೆ ಬಾಗಿಲು ಮತ್ತೆ ಮುಚ್ಚಿತ್ತು. ಮತ್ತೆ ತೆಗೆದಳು. ಹೀಗೆ ಆರು ದಿನ. ದಿನಾ ಬೆಳಿಗ್ಗೆ ಮೈದುನನಿಗೆ ಪಂಪಿನ ಹೆಸರಿನಲ್ಲಿ ಅರ್ಚನೆ ನಡೆಯಿತು. ಪಂಪು ಇರುವುದು ಆ ಮೂಲೆಯಲ್ಲಿ, ಕಲ್ಲು ಸೇರುತ್ತಿರುವುದು ಈ ಮೂಲೆಯಲ್ಲಿ ಎಂದು ಅವನು ಹೇಳಿದರೂ ಕೇಳುವ ಕಿವಿ ಅವಳಿಗೆ ಇರಲಿಲ್ಲ.

ಏಳನೆಯ ದಿನ, ಒಳಗೂ ಕಸ ತುಂಬಿರಬೇಕು, ಉಸಿರು ಕಟ್ಟಿ ಸತ್ತಾನು ಎಂದು, ಬಾಟಲಿ ತೊಳೆಯುವ ಮೆದು ಬ್ರಷ್ಷನ್ನು ಬಿಲದೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದಳು.

ಏನೋ ಮೆತ್ತಗೆ ತಾಕಿತು. ಎದುರಿಗೆ ಏನು ಬಂದರೂ ಗುದ್ದುವವನು ಗುದ್ದಲಿಲ್ಲ. ಬ್ರಷ್ಷನ್ನು ಮೆಲ್ಲಗೆ ಈಚೆ ಎಳೆದಳು. ಅದರ ಕೂದಲಿಗೆ ಸಿಕ್ಕಿಕೊಂಡು ಗಾಜಿನ ಹಾಳೆಯಂಥ ಟೊಳ್ಳು ಚಿಪ್ಪಿನ ಒಂದು ತುಂಡು ಬಂತು. ಅದರ ಹಿಂದೆಯೇ, ನೀರಿನಲ್ಲಿ ನಿಧಾನವಾಗಿ ಹೊರಳುತ್ತ, ಇನ್ನೊಂದು ಬಂತು. ಟೊಳ್ಳಾಗಿರಲಿಲ್ಲ ಅದು. ಹಸಿರು ಬಣ್ಣ, ಗೆಣ್ಣಿನಲ್ಲಿ ಕೆಂಪು ಚುಕ್ಕೆ, ತುದಿಯಲ್ಲಿ ಮುಷ್ಟಿ.

ಅವಳು ಅದನ್ನು ಅಂಗೈಯಲ್ಲಿ ಹಿಡಿದು ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಮೈದುನ ಬಂದು ನೋಡಿದ. ಆಮೇಲೆ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದು ತಾನೇ ಕೈ ಉದುರಿಸಿಕೊಂಡಿದೆ ಅಂತ ಹೇಳಿದರಾಯಿತು, ಈ ಜಾತಿಗೆ ಅದು ಇದ್ದದ್ದೇ ಅಂತ ಡಾಕ್ಟರಮ್ಮನೇ ಹಿಂದೆ ಒಮ್ಮೆ ಹೇಳಿದ್ದರಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದ.

‘ನನಗೆ ಗೊತ್ತಲ್ಲಪ್ಪ,’ ಎಂದಳು ಅವಳು.

ಟ್ಯಾಂಕುಗಳ ದಿನಚರಿ ಪುಸ್ತಕ ತೆಗೆದು, ಉಪ್ಪು ಇಷ್ಟು, ಬಿಸಿ ಇಷ್ಟು ಎಂದು ಬರೆಯುವ ಸಾಲಿನ ಕೆಳಗೆ ಅದೇ ದುಂಡು ಅಕ್ಷರದಲ್ಲಿ ಬರೆದಳು: ‘ಆರು ದಿನ ಬಾಗಿಲ ಕಲ್ಲು ತೆಗೆದೆ. ಇವತ್ತು ಬ್ರಷ್ ಹಾಕಿದೆ. ಬಲಗೈ ಬಿತ್ತು. ತಪ್ಪು ನನ್ನದು.’

ಡಾಕ್ಟರಮ್ಮ ಬರುವ ತನಕ ಹತ್ತು ದಿನ ಅವಳು ಆ ಟ್ಯಾಂಕಿನ ಕಡೆ ಕೈ ಚಾಚಲಿಲ್ಲ. ಪೈಲ್ವಾನ ಸತ್ತಿರಲಿಲ್ಲ. ನಾಲ್ಕನೆಯ ದಿನ ಬಾಗಿಲಲ್ಲಿ ಒಂದು ಕಣ್ಣು ಕಂಡಿತು. ಕಣ್ಣು ಕಂಡ ಸಮಾಧಾನಕ್ಕೆ ಅವಳು ಕಾರಿಡಾರಿನಲ್ಲಿ ಗೋಡೆಗೆ ತಿರುಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೆಲಸ ಹೋಗುವುದು ಖಂಡಿತ ಎಂದುಕೊಂಡು ತನ್ನ ಕಪಾಟು ಖಾಲಿ ಮಾಡಿ ಒರೆಸಿಟ್ಟಳು.

ಡಾಕ್ಟರಮ್ಮ ಬಂದವರು ಮೊದಲು ಪುಸ್ತಕ ಓದಿದರು. ಆಮೇಲೆ ಟಾರ್ಚು ಹಿಡಿದು ಬಿಲದ ಬಾಗಿಲ ಹತ್ತಿರ ತುಂಬ ಹೊತ್ತು ಕೂತರು. ಅತ್ತಿಗೆ ಅವರ ಹಿಂದೆ ಕೈಕಟ್ಟಿ ನಿಂತಿದ್ದಳು. ಎದ್ದು ನಿಂತ ಡಾಕ್ಟರಮ್ಮ ಅವಳಿಗೆ ಸ್ಟೂಲು ಎಳೆದುಕೊಟ್ಟು, ಬೈಗುಳದ ಬದಲು ವಿವರಣೆ ಕೊಟ್ಟರು. ಈ ಪ್ರಾಣಿಯ ಚಿಪ್ಪು ಬೆಳೆಯುವುದಿಲ್ಲ, ಒಳಗಿನ ಮೈ ಬೆಳೆಯುತ್ತದೆ. ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಹಳೆ ಚಿಪ್ಪು ಬಿಡಬೇಕು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈಯೆಲ್ಲ ಮೆದು, ಮುಷ್ಟಿಯೂ ಮೆದು, ಯಾರು ಬೇಕಾದರೂ ತಿನ್ನಬಹುದು. ಅದಕ್ಕೇ ಊಟ ಬಿಟ್ಟು, ತಾನೇ ಕಲ್ಲು ತಂದು ಬಾಗಿಲು ಹಾಕಿಕೊಳ್ಳುತ್ತದೆ.

‘ಹಳೇ ಬಟ್ಟೆ ಬಿಚ್ಚಿ ಹೊಸದು ಹಾಕ್ಕೊಳೋವಾಗ ನಾವಾದ್ರೂ ಬಾಗಿಲು ಹಾಕ್ಕೊಳಲ್ವಾ, ಅತ್ತಿಗೆ?’ ಎಂದರು.

ಆರು ಬೆಳಿಗ್ಗೆ ಅವಳು ತೆಗೆದ ಒಂದೊಂದು ಕಲ್ಲನ್ನೂ ಅವನು ಹಸಿದ ಹೊಟ್ಟೆಯಲ್ಲಿ ಮತ್ತೆ ಹೊತ್ತು ತಂದಿದ್ದ.

ಕೈ ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರಮ್ಮ. ಆದರೆ ಒಂದೇ ಸಲಕ್ಕಲ್ಲ. ಮುಂದಿನ ಸಲ ಚಿಪ್ಪು ಬಿಟ್ಟಾಗ ಚಿಕ್ಕದೊಂದು ಕೈ, ಅದರ ಮುಂದಿನ ಸಲ ಇನ್ನಷ್ಟು ದೊಡ್ಡದು, ಮೂರನೆಯ ಸಲಕ್ಕೆ ಸರಿಸಮ. ಮೂರು ಸಲವೂ ಜೀವ ಉಳಿಯಬೇಕು. ಸೋತ ಮೈ ಚಿಪ್ಪು ಬಿಡುವಾಗಲೇ ಸಾಯುವುದೂ ಉಂಟು.

ಮ್ಯಾನೇಜರು ಕೆಟ್ಟವರಲ್ಲ. ಆದರೆ ಹತ್ತು ತಿಂಗಳಿಗೆ ಹೊಸ ವಿಭಾಗವೊಂದು ತೆರೆಯಲಿತ್ತು. ಎರಡೂ ಮುಷ್ಟಿ ಎತ್ತಿ ನಿಂತ ಪೈಲ್ವಾನನ ಚಿತ್ರವೇ ಅದರ ಭಿತ್ತಿಪತ್ರದಲ್ಲಿತ್ತು. ಒಂಟಿಕೈಯವನನ್ನು ತಂದ ಅಂಗಡಿಗೇ ವಾಪಸು ಕಳಿಸಿ ಬೇರೆಯದನ್ನು ತರಿಸೋಣ ಎಂದರು. ಅಂಗಡಿಯಲ್ಲಿ ಒಂಟಿಕೈಯದನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳದ್ದಕ್ಕೆ ಯಾರೂ ಚಿಪ್ಪು ಒಡೆದು ತಿನ್ನಿಸುತ್ತ ಕೂರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡಾಕ್ಟರಮ್ಮ ಹೊಸ ವಿಭಾಗ ತೆರೆಯುವ ದಿನದ ತನಕ ಅವಧಿ ಕೇಳಿದರು. ಮ್ಯಾನೇಜರು ಒಪ್ಪಿದರು. ಹಾಗಾದರೆ ನೋಡಿಕೊಳ್ಳಲು ಬೇರೆ ಯಾರನ್ನಾದರೂ ಹಾಕೋಣ ಎಂದು ಅತ್ತಿಗೆಯ ಮುಖ ನೋಡದೆ ಹೇಳಿದರು.

‘ಬೇಡ,’ ಎಂದರು ಡಾಕ್ಟರಮ್ಮ. ‘ಇವರೇ ನೋಡ್ಕೊಳ್ಳಲಿ. ಎಲ್ಲಿ ಮುಟ್ಟಬಾರದು ಅಂತ ಈಗ ಇವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ.’

ಆ ವಾರ ಗಂಡ ಮನೆಗೆ ಬಂದಾಗ ಅವಳು ಇದನ್ನೆಲ್ಲ ಹೇಳಿದಳು. ತಾನು ಹೊಸದಾಗಿ ಲಾರಿ ಹಿಡಿದಾಗ ಒಂದು ಗೋಡೆಗೆ ಉಜ್ಜಿದ್ದಕ್ಕೆ ಮಾಲೀಕ ಒಂದು ವರ್ಷ ಸ್ಟೀರಿಂಗು ಮುಟ್ಟಲು ಬಿಡಲಿಲ್ಲ, ಮೂಟೆ ಹೊರಿಸಿದ್ದ ಎಂದ ಅವನು. ‘ನಿನಗೆ ಸಿಕ್ಕವರು ಬೇರೆ ಥರದವರು ಕಣೇ. ಉಳಿಸ್ಕೋ,’ ಎಂದ.

ಪೈಲ್ವಾನನನ್ನು ಕಾರಿಡಾರಿನ ಕೊನೆಯ ಸಣ್ಣ ಕೋಣೆಗೆ, ಅವನ ಕಲ್ಲು ಬಿಲದ ಸಮೇತ, ಸಾಗಿಸಿದರು. ಗೋಡೆಗೆ ಡಾಕ್ಟರಮ್ಮ ಒಂದು ಕಾಗದ ಅಂಟಿಸಿದರು. ಟ್ಯಾಂಕಿನೊಳಗೆ ಕೈ ಹಾಕಬಾರದು. ಹಿಂದಿನ ಗಾಜಿನ ಪಾಚಿ ತೆಗೆಯಬಾರದು. ಬಿಟ್ಟ ಚಿಪ್ಪನ್ನು ಎತ್ತಬಾರದು, ಅದನ್ನು ಅವನೇ ತಿಂದು ಹೊಸ ಚಿಪ್ಪಿಗೆ ಸುಣ್ಣ ಸೇರಿಸಿಕೊಳ್ಳುತ್ತಾನೆ. ನೀರು ಮಾತ್ರ ಬದಲಿಸಬೇಕು, ಅದೂ ಸ್ವಲ್ಪ ಸ್ವಲ್ಪವೇ. ಅತ್ತಿಗೆ ಓದಿ ನೋಡಿದಳು. ತನಗೆ ಬರುವ ಕೆಲಸಗಳನ್ನೆಲ್ಲ ಸಾಲಾಗಿ ಬರೆದು ಒಂದೊಂದರ ಮುಂದೆಯೂ ಬೇಡ ಎಂದು ಹಾಕಿದ ಹಾಗಿತ್ತು.

ಶುರುವಿನಲ್ಲಿ ಅದು ನಿಜವಾದ ಶಿಕ್ಷೆಯೇ. ಗಾಜಿನ ಮೇಲೆ ಹಸಿರು ಹಬ್ಬುವುದನ್ನು ನೋಡಿ ಅವಳ ಬೆರಳುಗಳು ತುರಿಸುತ್ತಿದ್ದವು. ಮೈದುನ ಬಾಗಿಲಲ್ಲಿ ಇಣುಕಿ, ನೀವು ಬೇಕಾದರೆ ನನ್ನ ಬೂಟು ಉಜ್ಜಿ ಅತ್ತಿಗೆ, ಕೈಗೆ ಸಮಾಧಾನ ಆಗುತ್ತದೆ ಎನ್ನುತ್ತಿದ್ದ. ಆರು ದಿನ ಪಂಪಿಗೆ ಅಂದ ಮಾತುಗಳಿಗೆ ಪಂಪಿನ ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂದೂ ಬೇಡಿಕೆ ಇಟ್ಟಿದ್ದ. ಅವಳು ಪಂಪಿಗಲ್ಲ, ಅವನಿಗೇ ಕೇಳಿದಳು. ಆಗ ಅವನು ಮುಜುಗರಪಟ್ಟು ಯಾವುದೋ ತಂತಿ ಹುಡುಕಿಕೊಂಡು ಹೋಗಿಬಿಟ್ಟ.

ಒಂಟಿಕೈಯಲ್ಲಿ ಪೈಲ್ವಾನ ಗುದ್ದಿದರೆ ಶಂಖದಹುಳು ಒಡೆಯುವ ಬದಲು ಪಕ್ಕಕ್ಕೆ ಉರುಳುತ್ತಿತ್ತು. ಎರಡು ಸಲ ಅಟ್ಟಿಸಿಕೊಂಡು ಹೋಗುತ್ತಿದ್ದ, ಮೂರನೆಯ ಸಲ ಬೇಸತ್ತು ಬಿಲ ಸೇರುತ್ತಿದ್ದ. ಅತ್ತಿಗೆ ಇಕ್ಕಳದಲ್ಲಿ ಚಿಪ್ಪು ಒಡೆದು ಕೊಡತೊಡಗಿದಳು. ಪೂರ್ತಿ ಬಿಡಿಸಿ ಕೊಡಬೇಡಿ, ಬಿರುಕು ಬಿಡುವಷ್ಟು ಮಾತ್ರ, ಉಳಿದದ್ದನ್ನು ಅವನೇ ಮಾಡಲಿ ಎಂದು ಡಾಕ್ಟರಮ್ಮ ತಿದ್ದಿದರು. ಎಷ್ಟು ಒತ್ತಿದರೆ ಬಿರುಕು, ಎಷ್ಟು ಒತ್ತಿದರೆ ಪುಡಿ ಎಂಬುದನ್ನು ಕಲಿಯಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಎಲ್ಲವನ್ನೂ ಕೊನೆಯ ತನಕ ಉಜ್ಜಿ ಮುಗಿಸಿದವಳು ಈಗ ಅರ್ಧಕ್ಕೆ ಕೈ ಹಿಂದೆಗೆಯುತ್ತಿದ್ದಳು.

ಮನೆಯಲ್ಲೂ ಏನೋ ಆಯಿತು. ಅತ್ತೆಯ ಮಂಚದ ಕೆಳಗೆ ಒಂದು ತಗಡಿನ ಡಬ್ಬಿ. ಗುಂಡಿಗಳು, ಬಟ್ಟೆಯ ಚೂರುಗಳು, ಒಡೆದ ಕನ್ನಡಕಗಳು, ಏನೇನೋ. ವರ್ಷಕ್ಕೆರಡು ಸಲ ಸೊಸೆ ಅದನ್ನು ಖಾಲಿ ಮಾಡುವುದು, ಅತ್ತೆ ಮತ್ತೆ ತುಂಬುವುದು ಅಲ್ಲಿನ ರೂಢಿ. ಒಂದು ದಿನ ಕಸ ಗುಡಿಸುತ್ತ ಡಬ್ಬಿಯ ಹತ್ತಿರ ಬಂದವಳು ಪೊರಕೆ ಹಿಡಿದು ನಿಂತಳು, ಆಮೇಲೆ ಸುತ್ತ ಗುಡಿಸಿಕೊಂಡು ಮುಂದೆ ಹೋದಳು. ಅತ್ತೆ ಹಾಸಿಗೆಯಿಂದ ತಲೆ ಎತ್ತಿ ನೋಡಿದರು.

‘ಯಾಕೆ, ಹುಷಾರಿಲ್ವೇನೇ?’

‘ಹುಷಾರಾಗಿದೀನಿ ಅತ್ತೆ.’

ಮುದುಕಿಗೆ ನಂಬಿಕೆ ಬರಲಿಲ್ಲ. ಅಂದು ಮಧ್ಯಾಹ್ನ ಎರಡು ಸಲ ಅವಳ ಹಣೆ ಮುಟ್ಟಿ ನೋಡಿದರು.

ಮೂರನೆಯ ತಿಂಗಳಿನಲ್ಲಿ, ಕೈ ಬಿದ್ದ ಜಾಗದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ, ತೆಳು ಚೀಲದೊಳಗೆ ಮಡಿಸಿಟ್ಟಂತೆ ಏನೋ ಕಂಡಿತು. ಮರುದಿನವೇ ಪೈಲ್ವಾನ ಮೇವು ಬಿಟ್ಟ. ಅದರ ಮರುದಿನ ಬಾಗಿಲಿಗೆ ಮೊದಲ ಕಲ್ಲು ಬಂತು. ಅತ್ತಿಗೆ ಮುಂದಿನ ಗಾಜಿಗೆ ರಟ್ಟು ಅಡ್ಡ ಹಾಕಿದಳು, ಕೋಣೆಗೆ ಯಾರೂ ಬಾರದಂತೆ ಹೊರಗೆ ಬಕೆಟ್ಟು ಅಡ್ಡ ಇಟ್ಟಳು, ಒಳಗೆ ಸ್ಟೂಲಿನ ಮೇಲೆ ಕೂತಳು. ಏನೂ ಮಾಡದೆ ಕೂತಳು. ಅವಳ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಹನ್ನೊಂದು ದಿನ ಹೋಯಿತು. ಹನ್ನೆರಡನೆಯ ಬೆಳಿಗ್ಗೆ ರಟ್ಟಿನ ಅಂಚಿನಿಂದ ನೋಡಿದರೆ ಬಾಗಿಲಿನ ಕಲ್ಲುಗಳು ಆಚೆಗೆ ಸರಿದಿದ್ದವು. ಹೊಚ್ಚಹೊಸ ಬಣ್ಣದಲ್ಲಿ ಪೈಲ್ವಾನ ನಿಂತಿದ್ದ. ಎಡಗೈ ಪಕ್ಕದಲ್ಲಿ, ಬಲಕ್ಕೆ, ಕೂಸಿನ ಕೈಯಂಥ ಒಂದು ಕೈ. ಹಾಲುಬಿಳುಪು, ಬೆಳಕು ಹಾಯುವಷ್ಟು ತೆಳು. ಆದರೂ ತುದಿಯಲ್ಲಿ ಪುಟ್ಟ ಮುಷ್ಟಿ, ಗೆಣ್ಣಿನಲ್ಲಿ ಸೂಜಿಮೊನೆಯ ಕೆಂಪು ಚುಕ್ಕೆ.

ಡಾಕ್ಟರಮ್ಮನೂ ಅವಳೂ ಗಾಜಿನ ಮುಂದೆ ಮೊಣಕಾಲೂರಿ ಕೂತರು. ಏಳುವಾಗ ಡಾಕ್ಟರಮ್ಮ ಅವಳ ಭುಜ ಹಿಡಿದು ಎದ್ದರು. ಆಮೇಲೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಎರಡನೆಯ ಸಲದ ಹೊತ್ತಿಗೆ ಆ ಕೈ ಅಣ್ಣನ ಪಕ್ಕ ನಿಂತ ತಮ್ಮನ ಹಾಗೆ ಕಂಡಿತು. ಆದರೆ ಅದನ್ನು ನೋಡುವಾಗ ಡಾಕ್ಟರಮ್ಮನ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳಿದ್ದವು. ದೂರದ ಊರಿನ ದೊಡ್ಡ ಸಂಸ್ಥೆಯೊಂದರಲ್ಲಿ ಅವರಿಗೆ ಕೆಲಸವಾಗಿತ್ತು. ಹೊರಡುವ ದಿನ, ಉಳಿದ ಟ್ಯಾಂಕುಗಳಿಗೆಲ್ಲ ಉದ್ದುದ್ದ ಸೂಚನೆ ಬರೆದಿಟ್ಟವರು, ಪೈಲ್ವಾನನಿಗೆ ಮಾತ್ರ ಏನೂ ಬರೆಯಲಿಲ್ಲ. ಅವನ ವಿಷಯ ಅತ್ತಿಗೆಗೆ ಗೊತ್ತು ಎಂದರು. ಅತ್ತಿಗೆ ಅವರ ಪೆಟ್ಟಿಗೆಗಳನ್ನು ಕಾರಿನ ತನಕ ಹೊತ್ತಳು. ಹೇಳಬೇಕಾದದ್ದು ಒಂದಿತ್ತು, ಹೇಳಲಾಗಲಿಲ್ಲ. ಕಾರಿನ ಗಾಜು ಕೊಳೆಯಾಗಿತ್ತು, ಅದನ್ನು ಒರೆಸಿ ಕಳಿಸಿದಳು.

ಹೊಸ ವಿಭಾಗ ತೆರೆಯಲು ಇಪ್ಪತ್ತು ದಿನ ಇದ್ದಾಗ ಪೈಲ್ವಾನ ಮೂರನೆಯ ಸಲ ಬಾಗಿಲು ಹಾಕಿಕೊಂಡ. ಹತ್ತು ದಿನವಾಯಿತು, ತೆರೆಯಲಿಲ್ಲ. ಹದಿಮೂರಾಯಿತು. ಹದಿನಾಲ್ಕನೆಯ ದಿನ ಮ್ಯಾನೇಜರು ಬಂದು ಬಕೆಟ್ಟು ಸರಿಸಿ ಒಳಗೆ ನಿಂತರು. ಅಂಗಡಿಯವನು ಬೇರೊಂದನ್ನು ಹಿಡಿದಿಟ್ಟಿದ್ದಾನೆ, ಬೇಕೋ ಬೇಡವೋ ಇವತ್ತೇ ಹೇಳಬೇಕಂತೆ. ಒಳಗೆ ಬದುಕಿದೆಯೋ ಇಲ್ಲವೋ, ಬದುಕಿದ್ದರೆ ಕೈ ಇದೆಯೋ ಇಲ್ಲವೋ ಗೊತ್ತಾಗದೆ ತಾವು ಏನು ಹೇಳುವುದು ಎಂದು ಅವರು ಕೇಳಿದರು. ಅದೂ ನ್ಯಾಯವೇ.

‘ಒಂದೇ ಒಂದು ಕಲ್ಲು ತೆಗೆದು ಇಣುಕಿ ನೋಡಿದ್ರೆ ಆಯ್ತಲ್ಲ ಅತ್ತಿಗೆ.’

‘ಒಂದೊಂದೇ ಕಲ್ಲು ತೆಗ್ದೇ ಸಾರ್ ಹೀಗಾಗಿದ್ದು.’

ಅವಳು ಟ್ಯಾಂಕಿಗೂ ಅವರಿಗೂ ನಡುವೆ ಬಂದು ನಿಂತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆಯೂ ಇರಲಿಲ್ಲ. ದನಿ ಏರಿಸಲಿಲ್ಲ. ಅವನು ಸತ್ತಿದ್ದರೆ ನೀರು ಕೆಟ್ಟು ವಾಸನೆ ಬರುತ್ತಿತ್ತು, ಬಂದಿಲ್ಲ ಎಂದಳು. ದಿನಾ ಮೂಸಿ ನೋಡುತ್ತಿದ್ದೇನೆ ಎಂದಳು. ಎಷ್ಟು ದಿನ ಬೇಕು ಎಂದು ತನಗೂ ಗೊತ್ತಿಲ್ಲ, ಅವನಿಗೆ ಮಾತ್ರ ಗೊತ್ತು. ಆದರೆ ಈಗ ಇಣುಕಿದರೆ ಮಾತ್ರ ಖಂಡಿತ ಹೋಗುತ್ತಾನೆ ಎಂದಳು. ‘ಡಾಕ್ಟ್ರಮ್ಮ ನನ್ನನ್ನ ನಂಬಿ ಬಿಟ್ಟು ಹೋಗಿದಾರೆ ಸಾರ್. ನಾನು ಅವನನ್ನ ನಂಬಿದೀನಿ. ನೀವೂ ಇದೊಂದ್ಸಲ ನಂಬಿ.’

ಮ್ಯಾನೇಜರು ರಟ್ಟು ಅಡ್ಡ ಹಾಕಿದ ಟ್ಯಾಂಕನ್ನು, ಗಾಜಿನ ಅಂಚಿನಲ್ಲಿ ಕಾಣುತ್ತಿದ್ದ ದಪ್ಪ ಪಾಚಿಯನ್ನು ನೋಡಿದರು. ಇಡೀ ಕಟ್ಟಡದಲ್ಲಿ ಅಷ್ಟು ಕೊಳೆಯಾದ ಗಾಜು ಇನ್ನೊಂದಿರಲಿಲ್ಲ. ಇದನ್ನು ನೀವು ಇಷ್ಟು ದಿನ ಒರೆಸದೆ ಬಿಟ್ಟಿದ್ದೀರಾ ಎಂದು ಕೇಳಿದರು. ಹೌದೆಂದಳು. ಅವರಿಗೆ ಏನನ್ನಿಸಿತೋ, ಸೋಮವಾರದ ತನಕ ಅಂಗಡಿಯವನನ್ನು ತಾವು ತಡೆಯುವುದಾಗಿ ಹೇಳಿ ಬಕೆಟ್ಟನ್ನು ಮೊದಲಿನ ಜಾಗಕ್ಕೆ ಸರಿಸಿಟ್ಟು ಹೋದರು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದಿತ್ತು.

ಎರಡು ಕೈಗಳೂ ಇದ್ದವು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದು ಕಷ್ಟ. ಬಲಗಡೆಯದರ ಹಸಿರು ಮಾತ್ರ ಒಂದು ಎಳೆ ತಿಳಿಯಾಗಿತ್ತು. ಸೋಮವಾರ ಮ್ಯಾನೇಜರು ಕನ್ನಡಕ ಹಣೆಗೇರಿಸಿ ನೋಡಿ, ಅಲ್ಲಿಂದಲೇ ಅಂಗಡಿಗೆ ಫೋನು ಮಾಡಿ ಬೇಡವೆಂದರು. ಈಗ ಗುದ್ದುತ್ತದೆಯೇ ಎಂದು ಮಗುವಿನಂತೆ ಕೇಳಿದರು. ಇನ್ನೂ ಹಸಿ ಸಾರ್, ನೋವಾಗುತ್ತದೆ, ಎರಡು ದಿನ ಮೆದು ಮೇವೇ ಕೊಡುತ್ತೇನೆ ಎಂದಳು ಅವಳು. ಅವರು ತಲೆಯಾಡಿಸಿದರು.

ಬುಧವಾರ, ಜನರಿಗೆ ಗೇಟು ತೆರೆಯುವ ಮೊದಲು, ಅವಳು ಡಾಕ್ಟರಮ್ಮನಿಗೆ ಫೋನು ಹಚ್ಚಿದಳು. ಮೈದುನನ ಕೈಗೆ ಫೋನು ಕೊಟ್ಟು ಗಾಜಿಗೆ ಒತ್ತಿ ಹಿಡಿಯಲು ಹೇಳಿದಳು. ಆಮೇಲೆ ಬಿರುಕು ಬಿಡಿಸದ, ಇಡಿಯಾದ ಒಂದು ಶಂಖದಹುಳುವನ್ನು ಇಕ್ಕಳದಲ್ಲಿ ಹಿಡಿದು ಬಿಲದ ಎದುರಿಗೆ ಇಳಿಬಿಟ್ಟಳು.

ಪೈಲ್ವಾನ ಹೊರಗೆ ಬಂದ. ಮೀಸೆಗಳಿಂದ ಚಿಪ್ಪನ್ನು ಮುಟ್ಟಿ ನೋಡಿದ. ತಿರುಗಿಸಿದ, ಮತ್ತೆ ತಿರುಗಿಸಿದ. ಆ ಕಡೆಯಿಂದ ಪಂಪಿನ ಶಬ್ದವೇ ಕೇಳುತ್ತಿದೆಯಲ್ಲ ಎಂದು ಡಾಕ್ಟರಮ್ಮ ಅನ್ನುತ್ತಿರುವಾಗಲೇ ಗುದ್ದು ಬಿತ್ತು. ಹತ್ತು ತಿಂಗಳು ಆ ಕೋಣೆಯಲ್ಲಿ ಕೂತು ಎಡಗೈಯ ಒಂಟಿ ಟಕ್ಕನ್ನು ಕೇಳಿದ್ದ ಅವಳ ಕಿವಿಗೆ ಈ ಶಬ್ದ ಬೇರೆಯೆಂದು ಕೂಡಲೇ ತಿಳಿಯಿತು. ಒಂದರ ಬೆನ್ನಿಗೆ ಒಂದು, ಕೂದಲೆಳೆಯ ಅಂತರದಲ್ಲಿ. ಚಿಪ್ಪು ಎರಡು ಹೋಳಾಗಿ ಮರಳಿನ ಮೇಲೆ ಬಿತ್ತು.

ಅವಳು ಫೋನು ತೆಗೆದುಕೊಂಡಳು.

‘ಯಾವ ಕೈ, ಅತ್ತಿಗೆ?’

‘ಎರಡೂ ಅಮ್ಮ.’

ಮೈದುನ ಹಿಂದಿನ ಗೋಡೆಯ ಸ್ವಿಚ್ಚುಗಳನ್ನು ಸುಮ್ಮಸುಮ್ಮನೆ ಪರೀಕ್ಷಿಸತೊಡಗಿದ. ಅತ್ತಿಗೆ ಗೋಡೆಗೆ ಒರಗಿ ನಿಂತು, ಕಾರಿನ ಹತ್ತಿರ ಹೇಳಲಾಗದ್ದನ್ನು ಹೇಳಲು ಹೊರಟಳು. ‘ಅವತ್ತು ಅವನನ್ನ ನನ್ನ ಕೈಗೇ ಕೊಟ್ರಲ್ಲ ಅಮ್ಮ,’ ಎಂದಳು. ಅಲ್ಲಿಗೆ ಮಾತು ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಮತ್ತೆ ಅಲ್ಲಿಗೇ ನಿಂತಿತು.

ಡಾಕ್ಟರಮ್ಮ ಅದನ್ನು ಪೂರ್ತಿ ಮಾಡಲು ಹೋಗಲಿಲ್ಲ. ಇನ್ನೊಂದು ಹುಳು ಇದೆಯೇ ಎಂದು ಕೇಳಿದರು.

‘ಇದೆ.’

‘ಹಾಗಿದ್ರೆ ಫೋನ್ ಗಾಜಿಗೇ ಹಿಡ್ಕೊಂಡಿರಿ. ಸ್ವಲ್ಪ ಹೊತ್ತು ಕೇಳ್ತೀನಿ.’

ಅತ್ತಿಗೆ ಎಡಗೈಯಲ್ಲಿ ಫೋನನ್ನು ಗಾಜಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಇಕ್ಕಳ ತೆಗೆದುಕೊಂಡಳು.